ಪರದೆಯ ಮೇಲಿನ ಮುಖ

ಬಸ್ ಅಪಘಾತದಲ್ಲಿ ಸತ್ತ ಅಮಾನುಲ್ಲಾನ ಮುಖವನ್ನು ತಾಯಿ ವಜೀರುನ್ನೀಸಾಗೆ ಯಾರೂ ತೋರಿಸಿರಲಿಲ್ಲ. ನೋಡಿದ್ದವಳು ಹೆಂಡತಿ ರಹಮತ್ ಒಬ್ಬಳೇ.

1999ರಲ್ಲಿ, ಶಿಡ್ಲಘಟ್ಟದ ಅವನ ಡಿಟಿಪಿ ಅಂಗಡಿಯನ್ನು ಮತ್ತೆ ತೆರೆಯಲೆಂದು ಅವಳು ಅವನ ಲ್ಯಾಪ್‌ಟಾಪಿಗೆ ಸಾಫ್ಟ್‌ವೇರ್ ಎಲ್ಲ ಹೊಸದಾಗಿ ಹಾಕಿಸಿದಳು. ಮನೆಗೆ ತಂದು ತೆರೆದರೆ ಅದರಲ್ಲಿದ್ದ ಅವನ ಫೋಟೋ ಪಟ್ಟಿಪಟ್ಟಿಯಾಗಿ ಸೀಳಿಹೋಗಿತ್ತು. ಒಂದು ಕಣ್ಣು ಕೆನ್ನೆಗೆ ಜಾರಿತ್ತು.

ಹಿಂದೆ ಬಂದು ನಿಂತಿದ್ದ ಅತ್ತೆ ಕೇಳಿದರು, "ಅವತ್ತು ಹಿಂಗೇ ಇದ್ನಾ?"

"ಇಲ್ಲ ಅಮ್ಮೀ. ಡ್ರೈವರ್ ಸರಿಯಿಲ್ಲ, ಅದಕ್ಕೆ."

"ಬಸ್ಸಿನವನಾ?"

"ಅಲ್ಲ, ಪರದೆ ಮೇಲೆ ಚಿತ್ರ ಮೂಡ್ಸೋ ಸಾಫ್ಟ್‌ವೇರು. ಬೇರೆ ಮಾಡೆಲ್‌ದು ಹಾಕ್ಬಿಟ್ಟವ್ರೆ."

ಅತ್ತೆ ಅಂದು ಊಟಕ್ಕೆ ಏಳಲಿಲ್ಲ. ಮರುದಿನ ರಹಮತ್ ಚಿಂತಾಮಣಿಗೆ ಹೋಗಿ, ಅದೇ ಮಾಡೆಲ್ಲಿನ ಡ್ರೈವರ್ ಇದ್ದ ಸಿ.ಡಿ. ಹುಡುಕಿ ತಂದಳು. ಹಾಕಿ ಮುಗಿಸಿದಾಗ ಪರದೆ ಒಮ್ಮೆ ಪೂರ್ತಿ ಕಪ್ಪಾಯಿತು. ಮತ್ತೆ ಬೆಳಗಿದಾಗ ಅಮಾನುಲ್ಲಾ ನಗುತ್ತಿದ್ದ, ಒಂದು ಗೆರೆಯೂ ಇಲ್ಲದೆ.

ವಜೀರುನ್ನೀಸಾ ಗಾಜಿನ ಮೇಲೆ ಅವನ ಹಣೆ ಸವರಿದರು. "ಹಿಂಗೇ ಇದ್ನಾ, ನೀನು ನೋಡ್ದಾಗ?"

"ಹೂಂ ಅಮ್ಮೀ, ಹಿಂಗೇ ಇದ್ರು."

ಅತ್ತೆ ನಿಟ್ಟುಸಿರಿಟ್ಟು ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಜೂ ಮಾಡಲು ಎದ್ದರು. ರಹಮತ್ ಮಾತ್ರ ಅಲ್ಲೇ ಕುಳಿತಳು. ಆ ಚೊಕ್ಕ ಮುಖವನ್ನು ಎಷ್ಟು ನೋಡಿದರೂ, ಅವಳ ಕಣ್ಣಿಗೆ ಅದು ಮೆಲ್ಲಗೆ ಸೀಳಿಹೋಗುತ್ತಲೇ ಇತ್ತು.