ಆಕಾಶದಿಂದ ಬಂದ ಮದುವೆ ಕಾಗದ

ಅಜೆಕಾರಿನ ಕ್ಲಾರೆನ್ಸರ ಸಿಟ್ಟು ಆ ಮಧ್ಯಾಹ್ನ ನೆತ್ತಿಗೇರಿತ್ತು. ಮಂಗಗಳನ್ನು ಬೆದರಿಸಲೆಂದು ಕೋವಿಯ ಖಾಲಿ ತೋಟೆಗಳನ್ನು ಮನೆಯಲ್ಲೇ ಮತ್ತೆ ತುಂಬಿಸುತ್ತಿದ್ದರು. ಆದರೆ ಚರೆಗುಂಡಿನ ಮೇಲೆ ಮುಚ್ಚಳದಂತೆ ಇಡುವ ರಟ್ಟಿನ ಬಿಲ್ಲೆ ಕೂರುತ್ತಲೇ ಇಲ್ಲ! ಬಿಸ್ಕತ್ತು ಡಬ್ಬದ ರಟ್ಟು ವಾಲಿತು. ಕ್ಯಾಲೆಂಡರಿನ ರಟ್ಟು ಒಳಗೇ ಜಾರಿತು. ತೋಟೆ ಬಗ್ಗಿಸಿದರೆ ಚರೆಯೆಲ್ಲ ನೆಲದ ಪಾಲು. ಹೆಕ್ಕಿ ಹೆಕ್ಕಿ ಸೊಂಟ ಹಿಡಿಯಿತು.

ಆಗ ಕಣ್ಣಿಗೆ ಬಿದ್ದದ್ದು ಮೇಜಿನ ಮೇಲಿದ್ದ ಮಗಳು ಮೆಲಿಷಾಳ ಮದುವೆ ಕಾಗದ. ಎಂಥ ದಪ್ಪ, ಎಂಥ ಬಿಗಿ! ಅದು ನೆರೆಮನೆಯ ಶೇಖರ ಶೆಟ್ಟರಿಗೆಂದು ಹೆಂಡತಿ ಲೊರ್ನಾ ಎತ್ತಿಟ್ಟದ್ದು. ಮೆಲಿಷಾ ಅರ್ಧ ಬೆಳೆದದ್ದೇ ಶೆಟ್ಟರ ಹೆಂಡತಿ ವಿನೋದಾರ ಅಡುಗೆಮನೆಯಲ್ಲಿ.

"ನೀವೇ ಮನೆಗೆ ಹೋಗಿ ಕರೆಯಬೇಕು, ಬರೀ ಕಾಗದ ಕಳಿಸಿದರೆ ಅವರು ಬರುವುದಿಲ್ಲ. ಅವರು ಬಾರದಿದ್ದರೆ ಮಗಳು ಚರ್ಚಿನಲ್ಲೇ ಅಳುತ್ತಾಳೆ" ಎಂದು ಲೊರ್ನಾ ಆ ಬೆಳಿಗ್ಗೆಯೂ ಹೇಳಿ, ಮಗಳೊಡನೆ ಕಾರ್ಕಳಕ್ಕೆ ದರ್ಜಿಯ ಹತ್ತಿರ ಹೋಗಿದ್ದರು. ಆದರೆ "ನಿಮ್ಮ ಮಂಗಗಳನ್ನು ನಮ್ಮ ತೋಟಕ್ಕೆ ಓಡಿಸಬೇಡಿ" ಎಂದು ಶೆಟ್ಟರು ರೇಗಿದಂದಿನಿಂದ ಇಬ್ಬರಿಗೂ ಮಾತಿಲ್ಲ. ತಾನಾಗಿ ಅವರ ಮೆಟ್ಟಿಲು ಹತ್ತುವುದೆ? ಪ್ರಾಣ ಹೋದರೂ ಇಲ್ಲ!

ಕೊಡದ ಕಾಗದ ಯಾಕೆ ದಂಡ ಎಂದು ಕ್ಲಾರೆನ್ಸ್ ಅದರಿಂದ ಎರಡು ಬಿಲ್ಲೆ ಕತ್ತರಿಸಿಯೇಬಿಟ್ಟರು. ಆಹಾ, ಎರಡು ತೋಟೆಗೂ ಸರಿಯಾಗಿ ಕೂತವು ನೋಡಿ! ಒಂದು ತೋಟೆಯನ್ನು ಆಕಾಶಕ್ಕೆ ಹಾರಿಸಿದರು. ಢಂ! ಮಂಗಗಳು ಎಂದಿನಂತೆ ಶೆಟ್ಟರ ತೋಟಕ್ಕೇ ನೆಗೆದವು.

ಸ್ವಲ್ಪ ಹೊತ್ತಿಗೆ ಶೆಟ್ಟರೇ ಅಂಗಳಕ್ಕೆ ಬಂದರು. ಜಗಳಕ್ಕೇ ಎಂದು ಕ್ಲಾರೆನ್ಸ್ ಮುಖ ಗಂಟು ಹಾಕಿಕೊಂಡರು. ಶೆಟ್ಟರ ಅಂಗೈಯಲ್ಲಿ ಅಂಚು ಸುಟ್ಟ ಬಿಲ್ಲೆ ಇತ್ತು.

"ಕ್ಲಾರೆನ್ಸ್ ಪೊರ್ಬುಗಳೇ, ಇದು ಎಂತ? ನಮ್ಮ ಅಂಗಳದಲ್ಲಿ ಒಣಗಲು ಹಾಕಿದ ಹಪ್ಪಳದ ಮೇಲೆ ಬಿತ್ತು. ಮೆಲಿಷಾ ಅಂತ ಹೆಸರು ಉಂಟು, ಮದುವೆ ಯಾವತ್ತು ಅಂತ ಇಲ್ಲ. ವಿನೋದಾ ಇದನ್ನು ನೋಡಿದ್ದೇ ಅಳಲಿಕ್ಕೆ ಶುರು ಮಾಡಿದ್ದಾಳೆ."

ಕ್ಲಾರೆನ್ಸ್ ತಲೆ ಎತ್ತಲಾಗದೆ ಜಗಲಿಯ ಮೇಲಿದ್ದ ಇನ್ನೊಂದು ತೋಟೆಯನ್ನು ತೋರಿಸಿದರು.

"ತಾರೀಕು ಅದರಲ್ಲಿ ಉಂಟು, ಶೆಟ್ರೇ."

"ಅಯ್ಯೋ, ಅದನ್ನೂ ಹೊಡೆಯಬೇಡಿ ಮಾರಾಯ್ರೇ! ಬಾಯಲ್ಲೇ ಹೇಳಿ."

ಕ್ಲಾರೆನ್ಸ್ ಎದ್ದು ಚಪ್ಪಲಿ ಮೆಟ್ಟಿದರು.

"ಇಲ್ಲಿ ಹೇಳುವುದಿಲ್ಲ. ನಡೆಯಿರಿ, ನಿಮ್ಮ ಮನೆಗೇ ಬಂದು ವಿನೋದಕ್ಕನ ಎದುರು ಹೇಳುತ್ತೇನೆ."