ಕದಿಯದವಳ ಸಾಕ್ಷಿ

ಪಾಪ ಮಾಡದೆ ಇದ್ದರೂ ಕಷ್ಟ ತಪ್ಪುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪ ಕ್ರೈಸ್ತ ಸಭೆಯ ಗಂಟೆ ಹೊಡೆಯುವವರು, ಅಮ್ಮ ಅದೇ ಸಭೆಯಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳುವವರು. ಹೀಗಿದ್ದ ಮೇಲೆ ಮಗಳು ಕೆಡುವುದಾದರೂ ಯಾವಾಗ? ಪುರುಸೊತ್ತೇ ಸಿಗಲಿಲ್ಲ. ಬೈಬಲ್ಲಿನ ಕಂಠವಾಕ್ಯ ಒಪ್ಪಿಸುವುದರಲ್ಲಿ ವರ್ಷವರ್ಷವೂ ಮೊದಲ ಬಹುಮಾನ ಅವಳಿಗೇ. ಅವರ ಮನೆಯಲ್ಲಿ ದುಡ್ಡು ಕೊಟ್ಟು ಲೋಟ ಕೊಂಡ ನೆನಪು ಯಾರಿಗೂ ಇಲ್ಲ, ಎಲ್ಲ ಬಹುಮಾನದ್ದೇ. ಓದು ಮುಗಿಸಿ ಕೆಲಸಕ್ಕೆ ಸೇರಿದರೂ ಯೂತ್ ತಂಡದವರು ಅವಳನ್ನು ಕರೆಯುತ್ತಿದ್ದದ್ದು ‘ಸಂಡೇಸ್ಕೂಲು’ ಎಂದೇ.

ಈ ಸಂಡೇಸ್ಕೂಲು ತಂಡದ ಜೊತೆ ವಿಮಾನ ಹತ್ತಿ, ಸಮುದ್ರ ದಾಟಿ, ಪರದೇಶದ ಒಂದು ಸಣ್ಣ ಸಭೆಗೆ ಸೇವೆಗೆಂದು ಬಂದಿದ್ದಳು. ಸಭಾಂಗಣದ ಗೋಡೆ ಕೆರೆದು ಬಣ್ಣ ಹೊಡೆಯುವುದು, ಮಧ್ಯಾಹ್ನ ಅಲ್ಲೇ ಬಡವರಿಗೆ ಹಾಕುವ ಉಚಿತ ಊಟಕ್ಕೆ ಕೈಜೋಡಿಸುವುದು ತಂಡದ ಕೆಲಸ. ಬಣ್ಣದ ಡಬ್ಬಿ ತೆರೆದ ಕೂಡಲೇ ಇವಳಿಗೆ ಸೀನು ಹತ್ತಿತು. ಏಣಿಯ ಮೇಲೆ ನಿಂತು ಸೀನುವವಳನ್ನು ನೋಡಿ ಕೆಳಗಿದ್ದವರು ಹೆದರಿ, ಅವಳನ್ನು ಅಡುಗೆಮನೆಗೆ ಅಟ್ಟಿದರು. ಅಲ್ಲಿ ಅಡುಗೆಯಮ್ಮನದೇ ದರ್ಬಾರು. ದಪ್ಪನೆಯ, ಜೋರುಬಾಯಿಯ ಹೆಂಗಸು. ಸೌಟು ಕೈಯಲ್ಲಿದ್ದರೆ ಸಭಾಪಾಲಕರೂ ಒಂದು ಹೆಜ್ಜೆ ಹಿಂದೆ. ಭಾಷೆಯ ತೊಂದರೆ ದೊಡ್ಡದೇನಿರಲಿಲ್ಲ. ಎರಡೂ ಕಡೆಯವರಿಗೆ ಅರೆಬರೆ ಬರುವ ಮೂರನೆಯದೊಂದು ಭಾಷೆ ಇತ್ತು, ಯಾರ ತಪ್ಪನ್ನೂ ಯಾರೂ ತಿದ್ದುವ ಸ್ಥಿತಿಯಲ್ಲಿರಲಿಲ್ಲ.

ತೊಂದರೆ ಇದ್ದದ್ದು ಸಂಜೆಯ ಸಾಕ್ಷಿಯಲ್ಲಿ. ದಿನಾ ಸಂಜೆ ತಂಡದ ಒಬ್ಬೊಬ್ಬರು ಎದ್ದು, ತಾವು ಹಿಂದೆ ಹೇಗಿದ್ದೆವು, ದೇವರು ತಮ್ಮನ್ನು ಹೇಗೆ ಬದಲಾಯಿಸಿದ ಎಂದು ಹೇಳಬೇಕು. ತಂಡದ ಮುಂದಾಳು ಲೀಡರಣ್ಣ ಕುಡಿತ ಬಿಟ್ಟ ಕಥೆ ಹೇಳುತ್ತಿದ್ದ. ಆ ಕಥೆಯನ್ನು ಅವನು ಎಷ್ಟೋ ವರ್ಷದಿಂದ ಹೇಳುತ್ತ ಬಂದಿದ್ದಾನೆ. ಕುಡಿತ ಬಿಟ್ಟಿದ್ದರೂ ಹೇಳಿದಾಗೆಲ್ಲ ಒಂದೊಂದು ಬಾಟಲಿ ಜಾಸ್ತಿಯಾಗುತ್ತಿತ್ತು. ಇನ್ನೊಬ್ಬ ಬೈಕಿನಿಂದ ಬಿದ್ದು ಬೆಳಕು ಕಂಡವನು. ಜನ ಕಣ್ಣೊರೆಸಿಕೊಂಡು ಕೇಳುತ್ತಿದ್ದರು. ಸಂಡೇಸ್ಕೂಲು ಎದ್ದು ನಿಂತು, “ನಾನು ದೇವಭಕ್ತರ ಮನೆಯಲ್ಲಿ ಹುಟ್ಟಿದೆ, ಚಿಕ್ಕಂದಿನಿಂದಲೂ ತಪ್ಪದೆ ಸಭೆಗೆ ಹೋಗ್ತಿದ್ದೆ” ಎನ್ನುವಷ್ಟರಲ್ಲಿ ಮುಂದಿನ ಸಾಲಿನ ಮುದುಕರೊಬ್ಬರು ಗೊರಕೆ ಹೊಡೆಯಲು ಶುರುಮಾಡಿದರು. ಪಾಪ, ಅವರದೇನು ತಪ್ಪು?

“ನೋಡು, ಸಂಡೇಸ್ಕೂಲು,” ಎಂದ ಲೀಡರಣ್ಣ, ಆಮೇಲೆ ಪಕ್ಕಕ್ಕೆ ಕರೆದು. “ಸಾಕ್ಷಿ ಅಂದ್ರೆ ಮೊದಲು ಕತ್ತಲೆ, ಆಮೇಲೆ ಬೆಳಕು. ನಿನ್ನದರಲ್ಲಿ ಸ್ವಿಚ್ ಹಾಕೋಕೆ ಜಾಗನೇ ಇಲ್ವಲ್ಲಮ್ಮ.”

“ಕತ್ತಲೆ ಇರ್ಲಿಲ್ಲ, ಅಣ್ಣ. ನಾನೇನ್ ಮಾಡ್ಲಿ?”

“ಎಲ್ಲರ ಒಳಗೂ ಇರುತ್ತೆ. ಸರಿಯಾಗಿ ಹುಡುಕು. ನಾಳೆ ಮತ್ತೆ ನಿಂದೇ ಸಾಕ್ಷಿ.”

ಹುಡುಕಿದಳು. ಈರುಳ್ಳಿ ಹೆಚ್ಚುತ್ತ ಹುಡುಕಿದಳು, ಹಂಡೆ ಉಜ್ಜುತ್ತ ಹುಡುಕಿದಳು. ಕೊನೆಗೆ ಮೂರನೆಯ ಕ್ಲಾಸಿನಲ್ಲಿ ಪಕ್ಕದ ಹುಡುಗಿಯ ಒಂದು ಪೆನ್ಸಿಲ್ ಮನೆಗೆ ಬಂದುಬಿಟ್ಟಿದ್ದು ನೆನಪಾಯಿತು. ಮಾರನೆಯ ದಿನ ಅದನ್ನು ಹಿಂದಿರುಗಿಸಿದ್ದಳು ಕೂಡ, ಆದರೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ ಎಂದುಕೊಂಡಳು.

ಸಂಜೆ ನಿಂತು, “ನಾನು ಕದ್ದಿದ್ದೇನೆ” ಎಂದಳು. ಗೊರಕೆ ಹೊಡೆಯುತ್ತಿದ್ದ ಮುದುಕರು ಕಣ್ಣು ಬಿಟ್ಟರು. ಹಿಂದಿನ ಸಾಲಿನವರು ಕತ್ತು ಚಾಚಿದರು. ಅಷ್ಟು ಜನ ತನ್ನ ಮಾತಿಗೆ ಕಾದದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ತಲೆ ಗಿರ್ರೆಂದಿತು. ಪೆನ್ಸಿಲಿನಿಂದ ಶುರುವಾದದ್ದು ಛತ್ರಿಗೆ ಹೋಯಿತು, ಛತ್ರಿಯಿಂದ ಸೈಕಲ್ಲಿಗೆ. ಲೀಡರಣ್ಣ ಹಿಂದಿನಿಂದ “ಹಲ್ಲೆಲೂಯ!” ಎಂದು ಕೂಗಿದ್ದೇ ತಡ, ಸೈಕಲ್ಲು ದಾಟಿ ಒಂದು ಮನೆಯ ಬೀಗ ಒಡೆದು ಚಿನ್ನದ ಸರವನ್ನೂ ತೆಗೆದುಕೊಂಡುಬಿಟ್ಟಳು. ಬಾಯಿಗೆ ಬಂದಮೇಲೆ ಕೇಳಬೇಕೆ? ಕೊನೆಯಲ್ಲಿ ದೇವರು ಹಿಡಿದು ತಿದ್ದಿದ ಎಂದು ಹೇಳಿ ಮುಗಿಸುವ ಹೊತ್ತಿಗೆ ಅರ್ಧ ಸಭೆ ಬಿಕ್ಕುತ್ತಿತ್ತು. ಅಡುಗೆಯಮ್ಮ ಓಡಿಬಂದು ಅವಳನ್ನು ಉಸಿರುಕಟ್ಟುವಂತೆ ಅಪ್ಪಿಕೊಂಡಳು.

ಮಾರನೆಯ ದಿನದ ಊಟದಲ್ಲಿ ಅವಳ ತಟ್ಟೆಗೆ ಎರಡು ಪಾಲು ಬಿತ್ತು. ಅದರ ಜೊತೆಗೇ, ಅವಳು ಹತ್ತಿರ ಬಂದರೆ ಹೆಂಗಸರು ಪರ್ಸನ್ನು ಮಡಿಲಿನ ಕಡೆ ಎಳೆದುಕೊಳ್ಳುತ್ತಿದ್ದರು. ಮುಂದಿನ ಸಾಲಿನ ಮುದುಕರು “ದೇವರು ದೊಡ್ಡವನು, ಮಗಳೇ” ಎಂದು ಇವಳ ತಲೆ ಸವರಿ, ಅದೇ ಕೈಯಿಂದ ತಮ್ಮ ವಾಚು ಬಿಚ್ಚಿ ಒಳಜೇಬಿಗೆ ಹಾಕಿಕೊಂಡರು. ರೂಮಿನಲ್ಲಿ ಜೊತೆಗಿದ್ದ ಗೆಳತಿ ಸೂಟ್‌ಕೇಸಿಗೆ ಹೊಸ ಬೀಗ ತಂದಳು. ಸಾಲದ್ದಕ್ಕೆ ಲೀಡರಣ್ಣನೇ ಬಂದು, “ತುಂಬಾ ಚೆನ್ನಾಗಿತ್ತು ಸಾಕ್ಷಿ” ಎಂದು ಹೊಗಳಿ, ಹೋಗಲೋ ಬೇಡವೋ ಎಂದು ನಿಂತು, “ಅಲ್ಲಾ, ಹೋದ ವರ್ಷ ನಮ್ಮ ಸಭೆಯಲ್ಲಿ ಟೇಬಲ್ ಫ್ಯಾನ್ ಕಾಣೆಯಾಯ್ತಲ್ಲ... ಸುಮ್ಮನೆ ಕೇಳಿದೆ” ಎಂದ.

ಅವಳಿಗೆ ಅಳು ಬಂತು. ಗುಣವಂತೆ ಎಂದು ಇಷ್ಟು ವರ್ಷ ಕಟ್ಟಿಕೊಂಡ ಹೆಸರು ಒಂದೇ ಸಂಜೆಗೆ ನೀರಲ್ಲಿ ಹೋಮವಾಗಿತ್ತು. ನಿಜ ಹೇಳೋಣವೆಂದರೆ ಅಡುಗೆಯಮ್ಮನ ಮುಖ ಅಡ್ಡ ಬರುತ್ತಿತ್ತು. ಬೇರೆಯವರೆಲ್ಲ ಪರ್ಸು ಬಚ್ಚಿಟ್ಟರೂ ಆಕೆಯೊಬ್ಬಳು ಮಾತ್ರ ತನ್ನ ಚೀಲವನ್ನು ಇವಳ ಪಕ್ಕದಲ್ಲೇ ಇಟ್ಟು ಕೆಲಸ ಮಾಡುತ್ತಿದ್ದಳು.

ಊಟದ ಪಾತ್ರೆಗಳನ್ನು ಉಜ್ಜಿ ಮುಗಿಸಿದ ಒಂದು ಮಧ್ಯಾಹ್ನ ಅಡುಗೆಯಮ್ಮ ಬಾಗಿಲು ಮುಂದೆ ಮಾಡಿ, ಧ್ವನಿ ತಗ್ಗಿಸಿದಳು. ಆ ಗಂಟಲಿಗೆ ತಗ್ಗಿಸುವುದು ಬರುತ್ತದೆ ಎಂಬುದೇ ಆಶ್ಚರ್ಯ.

“ನಿನ್ನ ಹತ್ರ ಒಂದು ಕೇಳ್ಬೇಕು. ನನ್ನ ಮಗನ ವಿಷಯ.”

ಮಗನ ವಿಷಯ ಸಂಡೇಸ್ಕೂಲಿಗೆ ಗೊತ್ತಿತ್ತು. ಬೆನ್ನುನೋವು, ಹಾಸಿಗೆ ಬಿಟ್ಟು ಏಳಲಾರ. ಪ್ರತಿ ಸಂಜೆ ಸಭೆ ಅವನ ಬೆನ್ನಿಗಾಗಿ ಪ್ರಾರ್ಥಿಸುತ್ತಿತ್ತು. ಹಾಡುವವರ ಗುಂಪಿನ ಹಿರಿಯಳು, ಎಲ್ಲರೂ ಕ್ವಾಯರ್ ಆಂಟಿ ಎಂದು ಕರೆಯುವಾಕೆ, ವಾರ ವಾರ ಒಂದೊಂದು ಮುಲಾಮಿನ ಡಬ್ಬಿ ತಂದುಕೊಡುತ್ತಿದ್ದಳು.

“ಬೆನ್ನಿಗೆ ಏನೂ ಆಗಿಲ್ಲ,” ಎಂದಳು ಅಡುಗೆಯಮ್ಮ. “ನಲ್ಲಿ, ಪೈಪು ಮಾರೋ ಗೋಡೌನಲ್ಲಿ ಕೆಲಸಕ್ಕಿದ್ದ. ಹಿತ್ತಾಳೆ ನಲ್ಲಿ ಕದ್ದು ಸಿಕ್ಕಿಬಿದ್ದ. ಧಣಿ ಪೊಲೀಸರ ಹತ್ರ ಹೋಗ್ಲಿಲ್ಲ, ಕೆಲಸದಿಂದ ತೆಗೆದ, ಅಷ್ಟೆ. ಅವತ್ತು ರೂಮು ಸೇರ್ಕೊಂಡೋನು ಆಚೆ ಬಂದಿಲ್ಲ. ವರ್ಷ ತುಂಬ್ತಾ ಬಂತು. ಬಾಗಿಲ ಸಂದಿಯಿಂದ ತಟ್ಟೆ ತಗೋತಾನೆ, ತೊಳೆದು ಇಡ್ತಾನೆ. ಹೆತ್ತ ಮಗನ ಮುಖ ನೋಡೋಕೆ ನಾನು ಕಾದು ಕೂರ್ಬೇಕು.” ಸೆರಗಿಲ್ಲದ ಬಟ್ಟೆ, ಮೂಗೊರೆಸಿಕೊಳ್ಳಲು ಪಾತ್ರೆ ಹಿಡಿಯುವ ಬಟ್ಟೆಯೇ ಗತಿಯಾಯಿತು. “ನಾನು ಹೇಳಿದ್ರೆ ಕೇಳಲ್ಲ. ಹಾವಿನ ಹೆಜ್ಜೆ ಹಾವಿಗೇ ಗೊತ್ತು ಅಂತಾರಲ್ಲ. ನೀನೂ ಕದ್ದೋಳು, ಕದ್ದೂ ತಲೆ ಎತ್ಕೊಂಡು ನಿಂತೋಳು. ಒಂದು ಮಾತು ಆಡಿ ನೋಡು ತಾಯಿ. ಇನ್ನು ನನಗೆ ದಾರಿಯಿಲ್ಲ.”

ಈಗ ಹೇಗೆ ಹೇಳುತ್ತಾಳೆ, ಹೇಳಿ? “ಅಮ್ಮ, ನಾನು...” ಎಂದಳು. ಅಡುಗೆಯಮ್ಮ ಆಗಲೇ ಆ ಬಟ್ಟೆ ಕೆಳಗಿಟ್ಟು ಅವಳ ಕೈ ಹಿಡಿದು ಹೊರಟಾಗಿತ್ತು.

ಅವರ ಮನೆ ಪಕ್ಕದ ಬೀದಿಯಲ್ಲೇ, ಮೂರನೆಯ ಮಹಡಿಯಲ್ಲಿ. ಇವರಿಬ್ಬರೂ ಹೊರಟದ್ದನ್ನು ಕಂಡ ಕ್ವಾಯರ್ ಆಂಟಿ, ಯಾರೂ ಕರೆಯದಿದ್ದರೂ, ಇನ್ನಿಬ್ಬರನ್ನು ಕಟ್ಟಿಕೊಂಡು ಹಿಂದೆಯೇ ಬಂದಳು. ಮೇಲೆ ಹತ್ತಲು ಮಂಡಿನೋವು, ಬಿಟ್ಟು ಹೋಗಲು ಕುತೂಹಲ. ಕೆಳಗಿನ ಮೆಟ್ಟಿಲ ಮೇಲೆಯೇ ಕೂತು, “ನಾವು ಇಲ್ಲಿಂದಲೇ ಅವನ ಬೆನ್ನಿಗೆ ಪ್ರಾರ್ಥನೆ ಮಾಡ್ತೀವಿ” ಎಂದು ಘೋಷಿಸಿದಳು.

ಮೇಲಿನ ಓಣಿಯ ಕೊನೆಯಲ್ಲಿ ಮುಚ್ಚಿದ ಬಾಗಿಲು. ಪಕ್ಕದಲ್ಲಿ ಮುಲಾಮಿನ ಡಬ್ಬಿಗಳು ಗೋಪುರದ ಹಾಗೆ ಒಂದರ ಮೇಲೊಂದು, ಒಂದನ್ನೂ ತೆರೆದಿಲ್ಲ. ಅಡುಗೆಯಮ್ಮ ತಾನು ಅಡುಗೆಮನೆಯಲ್ಲಿರುತ್ತೇನೆ ಎಂದು ಸನ್ನೆ ಮಾಡಿ, ಹೋಗದೆ ಗೋಡೆಗೆ ಒರಗಿ ನಿಂತಳು. ಸಂಡೇಸ್ಕೂಲು ಬಾಗಿಲು ತಟ್ಟಿದಳು.

“ಯಾರು?”

“ನಾನು... ಸೇವೆಗೆ ಬಂದಿರೋ ತಂಡದೋಳು.”

“ಓ, ಕಳ್ಳಿನಾ?” ಬಾಗಿಲ ಹಿಂದಿನ ದನಿ ಹತ್ತಿರ ಬಂತು. “ಅಮ್ಮ ಹೇಳ್ತಿದ್ಲು. ಬೀಗ ಹೇಗೆ ಒಡೆದೆ?”

“ಹೇರ್‌ಪಿನ್ನಲ್ಲಿ.”

“ಯಾವ ಬೀಗ?”

“ದೊಡ್ಡದು.”

“ದೊಡ್ಡ ಬೀಗಕ್ಕೆ ಹೇರ್‌ಪಿನ್ನು! ಸರಿ, ಇರ್ಲಿ. ಸೈಕಲ್ಲು ಯಾರಿಗೆ ಮಾರಿದೆ?”

ಕದ್ದದ್ದನ್ನು ಮಾರಬೇಕಾಗುತ್ತದೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. “ಮಾರ್ಲಿಲ್ಲ. ನಿಲ್ಸಿಬಿಟ್ಟೆ.”

“ಎಲ್ಲಿ?”

“ತಗೊಂಡ ಜಾಗದಲ್ಲೇ.”

“ಕದ್ದ ಸೈಕಲ್ಲನ್ನ ಕದ್ದ ಜಾಗದಲ್ಲೇ ನಿಲ್ಸಿದ ಕಳ್ಳಿ ಅಂದ್ರೆ ನೀನೇ ಇರ್ಬೇಕು. ನೀನು ಜನ್ಮದಲ್ಲಿ ಕದ್ದಿಲ್ಲ, ಅಲ್ವಾ?”

ಅಲ್ಲಿಗೆ ಅವಳ ಕಟ್ಟೆಯೊಡೆಯಿತು. ಬಾಗಿಲಿಗೆ ಹಣೆ ಆನಿಸಿ, ಪೆನ್ಸಿಲನ್ನೂ ಸೇರಿಸಿ, ಅದನ್ನು ಹಿಂದಿರುಗಿಸಿದ್ದನ್ನೂ ಸೇರಿಸಿ, ಎಲ್ಲವನ್ನೂ ಹೇಳಿದಳು. ಒಳ್ಳೆಯವಳು ಎಂದರೆ ಯಾರೂ ಕಿವಿಗೊಡುವುದಿಲ್ಲ, ಅದಕ್ಕೆ ಸುಳ್ಳು ಹೇಳಿದೆ ಎಂದಳು.

“ಕಳ್ಳಿ ಅಂದ್ಮೇಲೆ ಹೇಗೆ ನೋಡ್ಕೊಂಡ್ರು?”

“ಅಪ್ಕೊಂಡ್ರು. ಆಮೇಲೆ ಪರ್ಸು ಬಚ್ಚಿಟ್ಕೊಂಡ್ರು.”

“ಎರಡೂ ಅವರೇನಾ?”

“ಎರಡೂ ಅವರೇ.”

ಒಳಗಿನವನು ನಕ್ಕ. ಗೋಡೆಗೆ ಒರಗಿದ್ದ ಅಡುಗೆಯಮ್ಮನ ಕೈ ಎದೆಗೆ ಹೋಯಿತು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ!

“ನೀವು ಯಾಕೆ ಆಚೆ ಬರಲ್ಲ?” ಎಂದು ಕೇಳಿದಳು ಸಂಡೇಸ್ಕೂಲು. “ನಾಚಿಕೆನಾ?”

“ಮೊದಲು ಅದೇ. ಒಂದು ವಾರಕ್ಕೆ ಅದು ಕಡಿಮೆ ಆಯ್ತು. ಎಲ್ಲರ ಮುಂದೆ ನಿಂತು ಬೈಸ್ಕೊಂಡು ಬಿಡೋಣ ಅಂತ ಹೊರಟೆ. ಅಷ್ಟರಲ್ಲಿ ಅಮ್ಮ ಸಭೆಲಿ ಬೆನ್ನುನೋವು ಅಂದುಬಿಟ್ಟಿದ್ಲು. ಈಗ ನಾನು ಆಚೆ ಬಂದ್ರೆ ಗೂನು ಬೆನ್ನು ಮಾಡ್ಕೊಂಡು ನಡೀಬೇಕು. ನೆಟ್ಟಗೆ ನಡೆದ್ರೆ ಅಮ್ಮ ಸುಳ್ಳುಗಾತಿ ಆಗ್ತಾಳೆ. ಕಳ್ಳ ಅನ್ನಿಸ್ಕೊಂಡಾಯ್ತು, ಅವಳ ಮಾನನೂ ನಾನೇ ತೆಗೀಲಾ?”

ಅಡುಗೆಯಮ್ಮನಿಗೆ ಈ ಮಾತು ಎಷ್ಟು ಕೇಳಿಸಿತೋ ದೇವರೇ ಬಲ್ಲ. ಮಗಳೆಂದು ತಾನು ಅಪ್ಪಿಕೊಂಡ ಹುಡುಗಿ ಕದ್ದೇ ಇರಲಿಲ್ಲ ಎಂಬುದು ಮಾತ್ರ ಚೆನ್ನಾಗಿ ಕೇಳಿಸಿತ್ತು. ಮನಸ್ಸಿನಲ್ಲಿ ಏನೇನೋ ಎದ್ದಾಗ ಅವಳಿಗೆ ಮೊದಲು ಕೈಗೆ ಸಿಗುತ್ತಿದ್ದದ್ದು ಸಿಟ್ಟೇ. ಕೈ ಎತ್ತಿಕೊಂಡು ಒಂದೇ ದಾಪುಗಾಲಿಗೆ ಬಂದಳು.

“ಸುಳ್ಳಿ! ನಿನ್ನ ತಬ್ಕೊಂಡು ಅತ್ತಿದ್ದೀನಲ್ಲೇ ನಾನು! ರಾತ್ರಿಯೆಲ್ಲ ಮಂಡಿಯೂರಿ ನಿನಗೋಸ್ಕರ ಪ್ರಾರ್ಥನೆ ಮಾಡಿದ್ದೀನಲ್ಲೇ! ಚಿನ್ನದ ಸರ ಅಂತೆ, ಸೈಕಲ್ಲಂತೆ! ಥೂ!”

ಸಂಡೇಸ್ಕೂಲು ಹೆದರಿ ಹಿಂದೆ ಸರಿಯಲು ಹೋಗಿ ಮುಲಾಮಿನ ಗೋಪುರದ ಮೇಲೆ ಬಿದ್ದಳು. ಡಬ್ಬಿಗಳು ದಡಬಡ ಉರುಳಿದವು. ಆ ಗಲಾಟೆಗೆ ಚಿಲಕ ಸರಿದು ಬಾಗಿಲು ಪೂರ್ತಿ ತೆರೆಯಿತು. ಎದೆಯವರೆಗೆ ಗಡ್ಡ ಬಿಟ್ಟ, ಎತ್ತರದ ಯುವಕ ಹೊಸ್ತಿಲಲ್ಲಿ ನಿಂತು, “ಅಮ್ಮ, ಬಿಡು ಅವಳನ್ನ. ಒಂದು ಸುಳ್ಳು ತಾನೆ” ಎಂದ.

“ಒಂದು ಸುಳ್ಳಾ? ದೇವರ ಸನ್ನಿಧೀಲಿ ನಿಂತು, ಅಷ್ಟು ಜನ ನಂಬಿ ಕೂತಿರೋವಾಗ! ನಾನಾಗಿದ್ರೆ ನಾಲಿಗೆ ಸೇದಿ ಹೋಗ್ತಿತ್ತು!”

ಆ ಹೊತ್ತಿಗೆ ಸರಿಯಾಗಿ ಕೆಳಗಿನ ಮೆಟ್ಟಿಲಿನಿಂದ ಕ್ವಾಯರ್ ಆಂಟಿಯ ದನಿ ಮಹಡಿ ಮಹಡಿ ಹತ್ತಿ ಬಂತು. “ಕರ್ತನೇ, ಈ ಮಗನ ಬೆನ್ನಿನ ಒಂದೊಂದು ಮೂಳೆಯನ್ನೂ ಮುಟ್ಟಪ್ಪಾ! ಅವನ ತಾಯಿಯ ಕಣ್ಣೀರು ನೋಡಪ್ಪಾ!”

ಮೂವರೂ ಕೇಳಿಸಿಕೊಂಡರು. ಅಡುಗೆಯಮ್ಮನ ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಮಗ ಅಮ್ಮನ ಮುಖ ನೋಡಿ ತಲೆ ತಗ್ಗಿಸಿ ಮತ್ತೆ ಒಳಗೆ ಕಾಲಿಟ್ಟ. ಬಾಗಿಲು ಮುಚ್ಚಿಕೊಳ್ಳತೊಡಗಿತು.

ಅಡುಗೆಯಮ್ಮ ಆ ಬಾಗಿಲಿಗೆ ಕಾಲು ಅಡ್ಡ ಇಟ್ಟಳು. ಆಮೇಲೆ ಹೋಗಿ ಮೆಟ್ಟಿಲ ಕಂಬಿ ಹಿಡಿದು ಕೆಳಗೆ ಬಗ್ಗಿದಳು. ಮೂರು ಸಲ ಬಾಯಿ ತೆರೆದು ಮುಚ್ಚಿದಳು. ಸಂಡೇಸ್ಕೂಲು ಡಬ್ಬಿಗಳ ಮಧ್ಯದಿಂದ ಎದ್ದಳು. ಹತ್ತಿರ ಹೋಗಿ ಪಕ್ಕದಲ್ಲಿ ನಿಂತಳು, ಮುಟ್ಟಲು ಧೈರ್ಯ ಬರಲಿಲ್ಲ.

“ಪ್ರಾರ್ಥನೆ ನಿಲ್ಸಿ!” ಎಂದು ಕೂಗಿದಳು ಅಡುಗೆಯಮ್ಮ. “ನನ್ನ ಮಗನ ಬೆನ್ನು ಚೆನ್ನಾಗೇ ಇದೆ. ಯಾವತ್ತೂ ಚೆನ್ನಾಗೇ ಇತ್ತು. ಗೋಡೌನಲ್ಲಿ ನಲ್ಲಿ ಕದ್ದ. ನಾಚಿಕೆ ಆಗಿ ನಾನೇ ಬೆನ್ನುನೋವು ಅಂತ ಸುಳ್ಳು ಹೇಳಿದೆ. ಕದ್ದೋನು ಅವನು, ಬೀಗ ಹಾಕಿದೋಳು ನಾನು!”

ಕೆಳಗಿನ ಪ್ರಾರ್ಥನೆ ಅರ್ಧಕ್ಕೇ ನಿಂತಿತು. ಕೊನೆಗೆ ಕ್ವಾಯರ್ ಆಂಟಿಯ ದನಿ ಸಣ್ಣದಾಗಿ ಕೇಳಿತು. “ಹಾಗಾದ್ರೆ ನಾನು ಕೊಟ್ಟ ಮುಲಾಮು?”

“ನಿಮ್ಮ ಮಂಡಿಗೆ ಹಚ್ಕೊಳ್ಳಿ!”

ಕೆಳಗಿನವರು ಬೈದರೋ ನಕ್ಕರೋ ಮೇಲಿನವರಿಗೆ ತಿಳಿಯಲಿಲ್ಲ. ಸಂಡೇಸ್ಕೂಲು ಉರುಳಿದ ಡಬ್ಬಿಗಳನ್ನು ಹೆಕ್ಕುತ್ತ, “ಸಂಜೆ ಸಭೆಲಿ ನಂದನ್ನೂ ಹೇಳ್ತೀನಮ್ಮ” ಎಂದಳು. “ಹೇಳ್ದೆ ಮತ್ತೇನು, ಬಿಡ್ತೀನಾ ನಿನ್ನ” ಎಂದಳು ಅಡುಗೆಯಮ್ಮ, ಕಣ್ಣೊರೆಸಿಕೊಳ್ಳುತ್ತ. ಆಮೇಲೆ, “ಸಂಜೆ ಅಡುಗೆಗೆ ಹೊತ್ತಾಯ್ತು, ನಡೀರಿ ಇಬ್ಬರೂ” ಎಂದು ತಿರುಗಿ ನೋಡದೆ ಮೆಟ್ಟಿಲಿಳಿಯತೊಡಗಿದಳು.

ಹಿಂದೆ ಬಾಗಿಲು ಕಿರುಗುಟ್ಟಿತು. ಮಗ ಆಚೆ ಬಂದ. ಕೆಳಗಿನ ಮೂರು ಮುಖಗಳು ಮೇಲೆ ನೋಡುತ್ತಿದ್ದವು. ಅವನ್ನು ಕಂಡದ್ದೇ ಅವನ ಕೈ ಸೊಂಟಕ್ಕೆ ಹೋಯಿತು, ಬೆನ್ನು ತಾನಾಗಿ ಬಾಗಿತು. ಅಡುಗೆಯಮ್ಮ ಮೆಟ್ಟಿಲ ಮಧ್ಯದಲ್ಲಿ ನಿಂತಳು. ಹತ್ತಿ ಬಂದು, ಅವನ ಸೊಂಟದಿಂದ ಆ ಕೈಯನ್ನು ತೆಗೆದು ತನ್ನ ಕೈಯಲ್ಲಿ ಹಿಡಿದುಕೊಂಡಳು.

“ನೆಟ್ಟಗೆ ನಿಂತ್ಕೊಳ್ಳೋ,” ಎಂದಳು. “ನೋಡ್ಲಿ ಎಲ್ಲರೂ.”