ಬೆಳೆಯುವ ಮಗುವಿಗೆಂದು ಬಿಟ್ಟ ಬಟ್ಟೆ

ದಾರ ಸೂಜಿಯ ಕಣ್ಣಿಗೆ ಹೋಗುತ್ತಿಲ್ಲ, ಎಂಜಲು ಹಚ್ಚಿ ಹೊಸೆದರೂ ಇಲ್ಲ, ಹಾಳಾಗಿ ಹೋಗಲಿ ಈ ಸೂಜಿ — ಬಾಗಿಲಲ್ಲಿ ನಾದಿನಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಿಂದ ಇಣುಕುತ್ತಿರುವ ಫ್ರಾಕಿನ ತೋಳಿಗೆ ನಿರಿಗೆ ಹಿಡಿದದ್ದು ಸೂಜಿ ಹಿಡಿದು ಕೂತ ಅವಳೇ, ತನ್ನ ಮಗಳಿಗೆ, ಹೋದ ವರ್ಷ, ಕತ್ತರಿಸಿದ್ದು ಗಂಡ, ಹೊಲಿದದ್ದು ಅವಳು, ಈ ಅಂಗಡಿಯಲ್ಲಿ ಎಲ್ಲವೂ ಹಾಗೆಯೇ. ಅತ್ತಿಗೆ, ಕೆಳಗಿನ ಮಡಿಕೆ ಸ್ವಲ್ಪ ಬಿಚ್ಚಿ ಕೊಡಿ, ನಮ್ಮವಳಿಗೆ ಮೊಣಕಾಲಿಂದ ಮೇಲೆ ಬರ್ತಿದೆ. ನಮ್ಮವಳಂತೆ, ಎಷ್ಟು ಸಲೀಸಾಗಿ ಅಂದಳು, ನಾಲಿಗೆಗೆ ಏನೂ ಚುಚ್ಚಲಿಲ್ಲವೇ. ಫ್ರಾಕು ನಾದಿನಿಯ ಮನೆ ಸೇರಿದ್ದು ಹೇಗೆಂದು ಕೇಳಬೇಕಾಗಿಯೇ ಇಲ್ಲ, ಗಂಡ ಅತ್ತ ತಿರುಗಿ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಾನೆ, ಎಳೆದ ಗೆರೆಯ ಮೇಲೇ ಮತ್ತೆ ಎಳೆಯುತ್ತಿದ್ದಾನೆ, ಕಳ್ಳ — ಮಗಳ ಬಟ್ಟೆಯೆಲ್ಲ ಕಟ್ಟಿ ಅಟ್ಟದ ಮೇಲಿಟ್ಟಿದ್ದೀನಿ, ನೋಡಿದಷ್ಟೂ ಅಳ್ತೀಯ ಅಂದಿದ್ದ, ಅವಳು ನಂಬಿ ತಲೆ ಎತ್ತಿಯೂ ನೋಡಿರಲಿಲ್ಲ, ಅಟ್ಟದ ಕೆಳಗೇ ಹಾಸಿಕೊಂಡು ಮಲಗುತ್ತಿದ್ದಳು, ಪೆದ್ದಿ, ಖಾಲಿ ಅಟ್ಟಕ್ಕೆ ಕಾವಲು. ಅವನಿಗೇನು, ಕಲ್ಲು, ಮಗಳನ್ನು ಮಣ್ಣು ಮಾಡಿ ಬಂದ ಮರುದಿನವೇ ಗಿರಾಕಿಗಳು ಕಾಯ್ತಾರೆ ಅಂತ ಕತ್ತರಿ ಹಿಡಿದವನು. ಅತ್ತೆಯೇ ವಾಸಿ, ಬಾಯಿ ಬಿಟ್ಟು ಅಳುತ್ತಾಳೆ, ಅತ್ತು ಮುಗಿಸಿ ಮೂಗು ಒರೆಸಿಕೊಂಡು, ಇನ್ನೊಂದು ಹೆತ್ತುಕೋ ಎಲ್ಲ ಮರೆಯುತ್ತೆ ಅನ್ನುತ್ತಾಳೆ, ಹರಿದಲ್ಲಿ ತೇಪೆ ಹಾಕು ಅಂದಷ್ಟು ಸುಲಭವಾಗಿ. ಜ್ವರ ಅಷ್ಟೇ, ಬೆಳಿಗ್ಗೆ ಇಳಿಯುತ್ತೆ ಅಂದಿದ್ದರು ಡಾಕ್ಟರು. ಬೆಳಿಗ್ಗೆ ಇಳಿದಿತ್ತು, ಮೈಯೆಲ್ಲ ತಣ್ಣಗಾಗಿತ್ತು.

ಕೊಡಲ್ಲ ಅನ್ನಬೇಕು. ನಾದಿನಿಯ ಮಗಳು ಮೆಟ್ಟಿಲ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದೆ, ಮೊಣಕಾಲಲ್ಲಿ ಗಾಯದ ಹಕ್ಕಳೆ, ಪಾಪ, ಅದೇನು ಮಾಡೀತು, ಪಾಪ ಅಂದುಕೊಂಡರೂ ಹೊಟ್ಟೆ ಉರಿಯುತ್ತಿದೆ, ಬೆಳೆದಿದೆಯಲ್ಲ, ಬೆಳೆ ಅಂತ ಇದಕ್ಕೆ ಯಾರು ಹೇಳಿದರು. ಕೊಡಲ್ಲ, ಅನ್ನುವಷ್ಟರಲ್ಲಿ ಬೆರಳ ನಡುವೆ ಬ್ಲೇಡು ಬಂದಿದೆ, ಹಾಳು ಕೈ, ಯಾರ ಬಟ್ಟೆಯೆಂದೂ ನೋಡದೆ ಬಿಚ್ಚಿ ಅಂದ ಕೂಡಲೇ ಬಿಚ್ಚುವ ಕೈ, ದಾರ ಪಟಪಟ ಕಡಿಯುತ್ತಿದೆ, ಒಂದು ಮಡಿಕೆ, ಒಳಗೆ ಇನ್ನೊಂದು, ಇಷ್ಟು ಬಟ್ಟೆ ಯಾಕೆ ಬಿಟ್ಟೆ ಮಾರಾಯ, ಅಂಚು ಹಗ್ಗದ ಹಾಗಾಗುತ್ತೆ ಅಂತ ಅವತ್ತು ಗಂಡನನ್ನು ಬೈದುಕೊಂಡೇ ಎರಡು ಸಲ ಮಡಚಿದ್ದಳು. ಗೆರೆ ಎಳೆಯುವ ಸದ್ದು ನಿಂತಿದೆ. ಅತ್ತ ತಿರುಗಿಕೊಂಡೇ ಅನ್ನುತ್ತಾನೆ, ದೊಡ್ಡೋಳಾಗೋವರೆಗೂ ಹಾಕ್ಕೊಳ್ಲಿ ಅಂತ ಬಿಟ್ಟಿದ್ದೆ. ತಂಗಿಗೆ ಹೇಳಿದನೋ, ಅವಳಿಗೋ, ಗೋಡೆಗೋ, ಕೆಮ್ಮಿದನೋ ಅತ್ತನೋ, ಅಳು, ಈಗ ಅಳು, ಎತ್ತಿ ಕೊಟ್ಟಾದ ಮೇಲೆ ಅಳು, ಹಾಗೆ ಬೈಯಬೇಕು, ಫ್ರಾಕಿನ ಹೊರಮೈ ಒಗೆದೊಗೆದು ಬಿಸಿಲಿಗೆ ಮಾಸಿದೆ, ಮಡಿಕೆಯೊಳಗಿದ್ದ ಪಟ್ಟಿ ಮಾತ್ರ ಈಗಷ್ಟೇ ಬಟ್ಟೆಯ ತಾನಿನಿಂದ ಕತ್ತರಿಸಿದಂತೆ ಕಡುನೀಲಿ, ಹೆಬ್ಬೆರಳಿನಿಂದ ಸವರುತ್ತಾಳೆ, ಇಷ್ಟು ಬೆಳೆಯಬೇಕಿತ್ತು, ಒಳಗಿನ ಮಡಿಕೆಯನ್ನೂ ಬಿಚ್ಚುತ್ತಾಳೆ, ಮತ್ತೆ ನೀಲಿ, ಇಷ್ಟೂ ಬೆಳೆಯಬೇಕಿತ್ತು, ಬಿಸಿಲು ಕಾಣದ ನೀಲಿ, ಆಯ್ತಾ ಅತ್ತಿಗೆ ಅನ್ನುತ್ತಿದ್ದಾಳೆ ನಾದಿನಿ, ಹೋದ ಮಗಳ ಕಾಲಿಗೆ ತಾಕದ ನೀಲಿ, ಆ ನೀಲಿ…